ಚದುರಂಗದ ಸಮಸ್ಯೆಗಳು: ಬಿಡಿಸುವ ಬಗೆ, ಸವಿಯುವ ಬಗೆ

ಅವಧಾನದ ಸಭೆಗಳಲ್ಲಿ ಸಮಸ್ಯಾಪೂರಣವೆಂಬ ಒಂದು ಭಾಗವಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಪೃಚ್ಛಕನು ಪದ್ಯದ ಕೊನೆಯ ಒಂದು ಪಾದವನ್ನು ಮಾತ್ರ ಕೊಡುತ್ತಾನೆ. ಕೇಳಿದೊಡನೆ ಅದು ಅಸಂಬದ್ಧವೆಂದೋ ಅನುಚಿತವೆಂದೋ ತೋರುತ್ತದೆ. ಅವಧಾನಿಯು ಉಳಿದ ಮೂರು ಪಾದಗಳನ್ನು ಕಟ್ಟಿ ಹೇಳಿದಾಗ ಅದೇ ಪಾದವು ಅರ್ಥವತ್ತಾಗಿ, ಅಲ್ಲಿ ಬೇರೆ ಯಾವ ಮಾತೂ ಹೊಂದುತ್ತಿರಲಿಲ್ಲವೆನ್ನುವಂತೆ ನೆಲೆಗೊಳ್ಳುತ್ತದೆ. ಸಭೆಯು ತಲೆದೂಗುವುದು ಆಗಲೇ.

ಚದುರಂಗದಲ್ಲಿಯೂ ಇಂಥ ಸಮಸ್ಯೆಗಳಿವೆ. ಯಾರೋ ಇಬ್ಬರು ಆಡಿದ ಆಟದಿಂದ ಎತ್ತಿಕೊಂಡವಲ್ಲ ಇವು. ಒಬ್ಬ ರಚನಕಾರನು ಬೇಕೆಂದೇ ಜೋಡಿಸಿಟ್ಟ ಕಾಯಿಗಳ ವಿನ್ಯಾಸಗಳು. ಇವುಗಳಲ್ಲಿಯೂ ಮೊದಲು ಅಸಂಬದ್ಧವೆಂದು ಕಾಣುವ ಒಂದು ನಡೆಯಿರುತ್ತದೆ. ಉಳಿದ ಕಾಯಿಗಳ ಮಾತನ್ನೆಲ್ಲ ಕೇಳಿದ ಮೇಲೆ ಆ ನಡೆಯೊಂದೇ ಸರಿಯೆಂದು ತಿಳಿಯುತ್ತದೆ. ಇಂಥ ಸಮಸ್ಯೆಗಳನ್ನು ಬಿಡಿಸುವುದು ಹೇಗೆ, ಅವುಗಳಲ್ಲಿ ಸವಿಯತಕ್ಕದ್ದು ಏನು ಎಂಬುದನ್ನು ಮೂರು ಪ್ರಸಿದ್ಧ ಉದಾಹರಣೆಗಳ ಮೂಲಕ ಇಲ್ಲಿ ವಿವೇಚಿಸೋಣ. ಕಾಯಿಗಳ ನಡೆಯನ್ನು ಬಲ್ಲ ವಿದ್ಯಾರ್ಥಿಗೆ ಇಷ್ಟು ಸಾಕು. ಆಟದಲ್ಲಿ ನಿಪುಣನಾಗಿರಬೇಕಾದ ಅಗತ್ಯವಿಲ್ಲ.

ಆಟಕ್ಕೂ ಸಮಸ್ಯೆಗೂ ಇರುವ ಭೇದ

ಆಟದಲ್ಲಿ ಎದುರಾಳಿಯು ತಪ್ಪಿದರೆ ನಾವು ಗೆಲ್ಲುತ್ತೇವೆ. ಸಮಸ್ಯೆಯಲ್ಲಿ ಎದುರಾಳಿಯು ಎಂದಿಗೂ ತಪ್ಪುವುದಿಲ್ಲ. “ಬಿಳಿ ಮೊದಲು ನಡೆದು ಎರಡು ನಡೆಗಳಲ್ಲಿ ಚೆಕ್‌ಮೇಟ್ ಮಾಡಬೇಕು” ಎಂದರೆ, ಕಪ್ಪು ಎಷ್ಟೇ ಜಾಣತನದಿಂದ ಎದುರಿಸಿದರೂ ಬಿಳಿಯ ಎರಡನೆಯ ನಡೆಗೆ ಅದರ ರಾಜನು ಸೆರೆಯಾಗಲೇಬೇಕು ಎಂದರ್ಥ. ಮತ್ತೊಂದು ಕಟ್ಟುಪಾಡು ಉಂಟು. ಆರಂಭದ ಸರಿಯಾದ ನಡೆ ಒಂದೇ ಒಂದಾಗಿರಬೇಕು. ಇದನ್ನು ಕೀಲಿನಡೆ ಎನ್ನೋಣ. ರಚನಕಾರನು ಊಹಿಸದ ಎರಡನೆಯ ಕೀಲಿನಡೆ ಸಿಕ್ಕಿಬಿಟ್ಟರೆ ಆ ರಚನೆ ದೋಷಯುಕ್ತವೆಂದು ತಿರಸ್ಕೃತವಾಗುತ್ತದೆ. ಇವಲ್ಲದೆ, ನಡೆಗಳ ಸಂಖ್ಯೆಯನ್ನು ಗೊತ್ತುಮಾಡದೆ “ಬಿಳಿ ನಡೆದು ಗೆಲ್ಲಬೇಕು” ಅಥವಾ “ಬಿಳಿ ನಡೆದು ಸಮ ಮಾಡಿಕೊಳ್ಳಬೇಕು” ಎಂದಷ್ಟೇ ಕೇಳುವ ಅಂತ್ಯಾಟದ ರಚನೆಗಳೂ ಇವೆ.

ಇದರಿಂದ ಬಿಡಿಸುವವನ ಕರ್ತವ್ಯವು ಸ್ಪಷ್ಟವಾಗುತ್ತದೆ. ಅವನು ಬಿಳಿಯ ಪಕ್ಷ ವಹಿಸಿ ಆರಂಭಿಸಿದರೂ ಕಪ್ಪಿನ ವಕೀಲನಾಗಿ ಮುಗಿಸಬೇಕು. ತನಗೆ ಹೊಳೆದ ನಡೆಯನ್ನು ಮುರಿಯಲು ತಾನೇ ಸರ್ವಪ್ರಯತ್ನ ಮಾಡಿ, ಮುರಿಯಲಾರದೆ ಸೋತಾಗ ಮಾತ್ರ ಉತ್ತರ ದೊರೆಯಿತೆಂದು ಹೇಳಬೇಕು. ಪ್ರಯೋಗಶಾಲೆಯಲ್ಲಿ ಒಂದು ಊಹೆಯನ್ನು ಪರೀಕ್ಷಿಸುವವನು ಮಾಡುವುದೂ ಇದನ್ನೇ ಅಲ್ಲವೆ? ಊಹೆಗೆ ಅನುಕೂಲವಾದ ನೂರು ಸಂಗತಿಗಳನ್ನು ಕೂಡಿಹಾಕುವುದಕ್ಕಿಂತ, ಅದನ್ನು ಉರುಳಿಸಬಲ್ಲ ಒಂದು ಸಂಗತಿ ಇದೆಯೇ ಎಂದು ಹುಡುಕುವುದು ಹೆಚ್ಚು ಬೆಲೆಯುಳ್ಳ ಕೆಲಸ.

ಮನೆಗಳ ಹೆಸರು

ಮುಂದಿನ ಭಾಗವನ್ನು ಓದುವಾಗ ವಾಚಕರು ಹಾಸನ್ನೂ ಕಾಯಿಗಳನ್ನೂ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಬಿಳಿಯ ಕಡೆ ಕುಳಿತವನ ಎಡಗೈಯಿಂದ ಬಲಕ್ಕೆ ನೀಟಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅವನ ಬಳಿಯಿಂದ ಆಚೆಗೆ ಅಡ್ಡಸಾಲುಗಳಿಗೆ 1ರಿಂದ 8ರವರೆಗೂ ಹೆಸರು. ಅವನ ಎಡಗಡೆಯ ಮೂಲೆಮನೆ ಎ1. ಅದು ಕಪ್ಪು ಬಣ್ಣದ ಮನೆಯಾಗಿರಬೇಕು. ಅದಕ್ಕೆ ಕರ್ಣದಲ್ಲಿ ಎದುರಾದ ಮೂಲೆ ಎಚ್8. ನೇರವಾಗಿ ಓಡುವ ಕಾಯಿಯನ್ನು ಆನೆಯೆಂದೂ, ಓರೆಯಾಗಿ ಓಡುವುದನ್ನು ಒಂಟೆಯೆಂದೂ, ಎರಡೂ ಬಗೆಯಲ್ಲಿ ಓಡುವುದನ್ನು ಮಂತ್ರಿಯೆಂದೂ ಇಲ್ಲಿ ಕರೆದಿದ್ದೇವೆ. ಕಾಲಾಳು ಕೊನೆಯ ಸಾಲನ್ನು ಮುಟ್ಟಿದಾಗ ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಯಾವುದಾದರೊಂದಾಗಿ ಬಡ್ತಿ ಪಡೆಯಬಹುದು. ರಾಜನಿಗೆ ಚೆಕ್ ಇಲ್ಲದೆಯೂ ಆ ಪಕ್ಷಕ್ಕೆ ನಡೆಯಲು ನ್ಯಾಯವಾದ ನಡೆಯೇ ಇಲ್ಲದಿದ್ದರೆ ಅದು ಸ್ಟೇಲ್‌ಮೇಟ್, ಆಟ ಸಮ.

ಮೊದಲನೆಯ ಉದಾಹರಣೆ: ಎರಡು ನಡೆಗಳ ಸಮಸ್ಯೆ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1837ರಲ್ಲಿ ಹುಟ್ಟಿದ ಪಾಲ್ ಮಾರ್ಫಿಯು ಹತ್ತೊಂಬತ್ತನೆಯ ಶತಮಾನದ ಮಹಾ ಆಟಗಾರರಲ್ಲೊಬ್ಬನು. ಅವನು ಬಾಲ್ಯದಲ್ಲಿಯೇ ರಚಿಸಿದನೆಂದು ಹೇಳಲಾಗುವ ಸಮಸ್ಯೆಯೊಂದು 1856ರಲ್ಲಿ ಅಚ್ಚಾಯಿತು. ಅದರ ವಿನ್ಯಾಸ ಹೀಗಿದೆ.

ಬಿಳಿ: ರಾಜ ಸಿ8, ಆನೆ ಎ1, ಕಾಲಾಳು ಬಿ6.
ಕಪ್ಪು: ರಾಜ ಎ8, ಒಂಟೆ ಬಿ8, ಕಾಲಾಳುಗಳು ಎ7 ಮತ್ತು ಬಿ7.
ಬಿಳಿ ನಡೆದು ಎರಡು ನಡೆಗಳಲ್ಲಿ ಚೆಕ್‌ಮೇಟ್ ಮಾಡಬೇಕು.

ಬಿಳಿಗೆ ಇಲ್ಲಿ ಒಟ್ಟು 16 ನಡೆಗಳು ಸಾಧ್ಯ: ಆನೆಗೆ 13, ರಾಜನಿಗೆ 2, ಕಾಲಾಳಿಗೆ 1. ಒಂದೊಂದನ್ನೂ ಪರೀಕ್ಷಿಸಿ ಉತ್ತರವನ್ನು ಪಡೆಯಬಹುದು. ಆದರೆ ಇದಕ್ಕಿಂತ ಉತ್ತಮವಾದ ಮಾರ್ಗವಿದೆ. ನಡೆಯುವ ಸರದಿ ಈಗ ಕಪ್ಪಿನದಾಗಿದ್ದರೆ ಏನಾಗುತ್ತಿತ್ತು ಎಂದು ಮೊದಲು ಕೇಳಿಕೊಳ್ಳೋಣ.

ಕಪ್ಪು ರಾಜನು ಅಲುಗಾಡಲಾರನು. ಅವನ ಸುತ್ತಲಿನ ಮೂರು ಮನೆಗಳಲ್ಲಿಯೂ ಅವನ ಪರಿವಾರವೇ ತುಂಬಿದೆ. ಬಿ7ರ ಕಾಲಾಳಿಗೆ ಬಿಳಿಯ ಕಾಲಾಳು ಅಡ್ಡವಾಗಿದೆ. ಒಂಟೆಯು ಬಿ8ರಿಂದ ಎತ್ತ ಹೋದರೂ ಬಿಳಿಯ ಆನೆ ಎ7ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ. ಆ ಆನೆಗೆ ಬಿ6ರ ಕಾಲಾಳಿನ ಬೆಂಬಲವಿರುವುದರಿಂದ ಅದನ್ನು ಹಿಡಿಯುವಂತಿಲ್ಲ. ಖಾಲಿಯಾದ ಬಿ8 ಮನೆಯನ್ನು ಬಿಳಿಯ ರಾಜನು ಕಾಯುತ್ತಿದ್ದಾನೆ. ಅದು ಚೆಕ್‌ಮೇಟ್. ಇನ್ನು ಉಳಿದದ್ದು ಎ7ರ ಕಾಲಾಳು. ಅದು ಬಿ6ರಲ್ಲಿರುವ ಬಿಳಿಯ ಕಾಲಾಳನ್ನು ಹೊಡೆಯಲಾರದು. ಹೊಡೆದರೆ ತನ್ನ ರಾಜನು ಆನೆಯ ಬಾಯಿಗೆ ಬೀಳುತ್ತಾನೆ. ಆದರೆ ಎ6ಕ್ಕೋ ಎ5ಕ್ಕೋ ನೇರವಾಗಿ ಮುಂದುವರಿಯಬಲ್ಲದು. ಕಪ್ಪಿನ ಉಸಿರು ಇರುವುದು ಈ ಒಂದೇ ಕಾಲಾಳಿನಲ್ಲಿ.

ಅಂದಮೇಲೆ ಬಿಳಿಯು ಆನೆಯನ್ನು ಎ2, ಎ3, ಎ4, ಎ5 ಈ ಮನೆಗಳಲ್ಲಿ ಒಂದಕ್ಕೆ ಸರಿಸಿ ಕಾಯುತ್ತ ಕುಳಿತರೆ ಫಲವಿಲ್ಲ. ಕಪ್ಪು ಎ7ರ ಕಾಲಾಳನ್ನು ಎ6ಕ್ಕೆ ತಳ್ಳಿ ಒಂದು ನಡೆಯ ಅವಧಿಯನ್ನು ಗಳಿಸಿಕೊಳ್ಳುತ್ತದೆ. ಇವು ಹುಸಿನಡೆಗಳು. ಈ ಕಾಲಾಳನ್ನು ನಿಲ್ಲಿಸುವ ಮನೆ ಒಂದೇ, ಎ6. ಅಲ್ಲಿಗೆ ಹೋದ ಆನೆಯನ್ನು ಬಿ7ರ ಕಾಲಾಳು ಹೊಡೆಯಬಲ್ಲದು. ಇರುವ ಒಂದೇ ದೊಡ್ಡ ಕಾಯಿಯನ್ನು ಪುಕ್ಕಟೆಯಾಗಿ ಒಪ್ಪಿಸುವುದೆ? ಒಪ್ಪಿಸಿ ನೋಡೋಣ. ಬಿ7ರ ಕಾಲಾಳು ಎ6ರ ಆನೆಯನ್ನು ಹೊಡೆದೊಡನೆ ಬಿ7 ಮನೆ ತೆರವಾಯಿತು. ಇಷ್ಟು ಹೊತ್ತು ಅಡ್ಡಿಯಿಂದ ನಿಂತಿದ್ದ ಬಿಳಿಯ ಕಾಲಾಳು ಬಿ7ಕ್ಕೆ ಬರುತ್ತದೆ, ಎ8ರ ರಾಜನಿಗೆ ಚೆಕ್ ಬೀಳುತ್ತದೆ. ಆ ಕಾಲಾಳನ್ನು ಸಿ8ರ ರಾಜನು ರಕ್ಷಿಸುತ್ತಿದ್ದಾನೆ. ಚೆಕ್‌ಮೇಟ್!

ಹೀಗೆ ಆನೆ ಎ6 ಎಂಬುದೇ ಕೀಲಿನಡೆ. ಅದಾದ ಮೇಲೆ ಕಪ್ಪಿಗೆ ಇರುವ ಉತ್ತರಗಳು ಏಳು: ಒಂಟೆಯ ಆರು ನಡೆಗಳು, ಕಾಲಾಳಿನ ಒಂದು ಹೊಡೆತ. ಒಂಟೆಯ ಆರಕ್ಕೂ ಆನೆಯಿಂದ ಎ7ರಲ್ಲಿ ಮೇಟ್, ಹೊಡೆತಕ್ಕೆ ಕಾಲಾಳಿನಿಂದ ಬಿ7ರಲ್ಲಿ ಮೇಟ್. ಗಮನಿಸಬೇಕಾದ ಅಂಶವೆಂದರೆ, ಕೀಲಿನಡೆಯು ಯಾರನ್ನೂ ಹೆದರಿಸುವುದಿಲ್ಲ. ಕಪ್ಪು ತನ್ನ ಸರದಿಯನ್ನು ಬಿಟ್ಟುಕೊಡುವಂತಿದ್ದರೆ ಅದಕ್ಕೆ ಯಾವ ಅಪಾಯವೂ ಇರುತ್ತಿರಲಿಲ್ಲ. ನಡೆಯಲೇಬೇಕೆಂಬ ನಿಯಮವೇ ಅದರ ಕೊರಳಿಗೆ ಉರುಲಾಗುತ್ತದೆ. ಈ ಸ್ಥಿತಿಯನ್ನು ಜರ್ಮನ್ ಭಾಷೆಯಿಂದ ಬಂದ ಝುಗ್‌ಝ್ವಾಂಗ್ ಎಂಬ ಹೆಸರಿನಿಂದ ಚದುರಂಗ ಲೋಕವು ಗುರುತಿಸುತ್ತದೆ.

ಸವಿಯತಕ್ಕದ್ದು ಏನು?

ಉತ್ತರ ಸಿಕ್ಕಿತೆಂದು ಕಾಯಿಗಳನ್ನು ಡಬ್ಬಿಗೆ ಹಾಕಿಬಿಟ್ಟರೆ ಅರ್ಧ ಸಂತೋಷ ತಪ್ಪಿಹೋಗುತ್ತದೆ. ಹಾಸಿನ ಮೇಲಿರುವುದು ಏಳು ಕಾಯಿಗಳು. ಒಂದೊಂದನ್ನೂ ತೆಗೆದು ನೋಡಿ. ಎ7ರ ಕಪ್ಪು ಕಾಲಾಳನ್ನು ತೆಗೆದರೆ ರಾಜನು ಮೊದಲೇ ಚೆಕ್‌ನಲ್ಲಿದ್ದು ಸಮಸ್ಯೆಯೇ ಕೆಡುತ್ತದೆ. ಬಿ6ರ ಬಿಳಿಯ ಕಾಲಾಳನ್ನು ತೆಗೆದರೆ ಆನೆಗೆ ಬೆಂಬಲವೂ ಇಲ್ಲ, ಕೊನೆಯ ಮೇಟೂ ಇಲ್ಲ. ಯಾವ ಕಾಯಿಯೂ ಶೋಭೆಗಾಗಿ ನಿಂತಿಲ್ಲ. ಬಿಳಿಯ ರಾಜನು ಕೂಡ ಬಿ7, ಬಿ8 ಎರಡು ಮನೆಗಳ ಕಾವಲನ್ನು ಹೊತ್ತಿದ್ದಾನೆ. ಹೆಚ್ಚು ಕಾಯಿಗಳಿಂದ ಮಾಡಬಹುದಾದ ಕೆಲಸವನ್ನು ಕಡಮೆ ಕಾಯಿಗಳಿಂದ ಮಾಡುವ ಈ ಗುಣಕ್ಕೆ ಮಿತವ್ಯಯವೆಂದು ಹೆಸರು. ಗಣಿತದಲ್ಲಿ ಮೂರು ಸಾಲಿನ ಸಾಧನೆ ಮೂರು ಪುಟದ ಸಾಧನೆಗಿಂತ ನಮಗೆ ಪ್ರಿಯವಾಗುವುದು ಇದೇ ಕಾರಣದಿಂದ.

ಮಿತವ್ಯಯದ ಜೊತೆಗೆ ಮತ್ತೆರಡು ಗುಣಗಳನ್ನು ಬಲ್ಲವರು ಅರಸುತ್ತಾರೆ. ಒಂದು, ಕೀಲಿನಡೆಯ ಅನಿರೀಕ್ಷಿತತೆ: ಚೆಕ್ ಕೊಟ್ಟೋ ಕಾಯಿ ಹೊಡೆದೋ ಆರಂಭಿಸುವುದು ಎಲ್ಲರಿಗೂ ಹೊಳೆಯುವ ಹಾದಿಯಾದ್ದರಿಂದ ಅದಕ್ಕೆ ಮೆಚ್ಚುಗೆ ಕಡಮೆ. ಇನ್ನೊಂದು, ಹುಸಿನಡೆಗಳ ಸೊಬಗು: ಸರಿಯೆಂದು ಭ್ರಮೆ ಹುಟ್ಟಿಸಿ ಒಂದೇ ಒಂದು ಪ್ರತ್ಯುತ್ತರದಿಂದ ಮುರಿದುಬೀಳುವ ನಡೆಯನ್ನು ರಚನಕಾರನು ಬೇಕೆಂದೇ ಇಟ್ಟಿರುತ್ತಾನೆ. ಅದು ಏಕೆ ಮುರಿಯಿತೆಂದು ಅರಿತವನಿಗೆ ಕೀಲಿನಡೆಯ ಬಾಗಿಲು ತೆರೆಯುತ್ತದೆ.

ನಮ್ಮ ದೇಶದ ನಂಟು

ಚದುರಂಗದ ಮೂಲ ಭಾರತದ ಚತುರಂಗವೆಂಬುದು ಪ್ರಸಿದ್ಧ. ಸಮಸ್ಯೆಗಳ ಚರಿತ್ರೆಯಲ್ಲಿಯೂ ಭಾರತದ ಹೆಸರು ನಿಂತಿದೆ. 1845ರಲ್ಲಿ ಇಂಗ್ಲೆಂಡಿನ ಚೆಸ್ ಪ್ಲೇಯರ್ಸ್ ಕ್ರಾನಿಕಲ್ ಎಂಬ ಪತ್ರಿಕೆಯಲ್ಲಿ ಭಾರತದಿಂದ ಬಂದ ಒಂದು ಸಮಸ್ಯೆ ಪ್ರಕಟವಾಯಿತು. ಕಳುಹಿಸಿದವನು ತನ್ನನ್ನು ಶಾಗಿರ್ದ್, ಎಂದರೆ ಶಿಷ್ಯ, ಎಂದು ಕರೆದುಕೊಂಡಿದ್ದನು. ಅವನು ಇಲ್ಲಿ ಪಾದ್ರಿಯಾಗಿದ್ದ ಹೆನ್ರಿ ಲವ್‌ಡೇ. ಅದರ ತಂತ್ರ ಸೊಗಸಾದುದು. ಕಪ್ಪು ರಾಜನನ್ನು ಬಿಳಿಯು ಎಷ್ಟು ಬಿಗಿಯಾಗಿ ಕಟ್ಟಿಹಾಕಿದೆಯೆಂದರೆ ಸ್ಟೇಲ್‌ಮೇಟ್ ಆಗಿಬಿಡುವ ಭಯವಿದೆ. ಆದ್ದರಿಂದ ಬಿಳಿಯ ಒಂಟೆಯು ತನ್ನ ಓರೆಸಾಲಿನಲ್ಲಿ ಒಂದು ಗೊತ್ತಾದ ಮನೆಯನ್ನು ದಾಟಿ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಆನೆಯು ಆ ಮನೆಗೆ ಬಂದು ನಿಂತು ತನ್ನ ಕಡೆಯ ಒಂಟೆಗೆ ತಾನೇ ಅಡ್ಡವಾಗುತ್ತದೆ. ದಾರಿ ಸಿಕ್ಕಿತೆಂದು ಕಪ್ಪು ರಾಜನು ಹೊರಗೆ ಹೆಜ್ಜೆಯಿಟ್ಟಾಗ ಆನೆ ಸರಿದುಕೊಳ್ಳುತ್ತದೆ, ಒಂಟೆಯ ಸಾಲು ತೆರೆಯುತ್ತದೆ, ರಾಜನು ಸೆರೆಯಾಗುತ್ತಾನೆ. ಈ ಬಗೆಯ ರಚನೆಗಳನ್ನು ಇಂದಿಗೂ ಎಲ್ಲ ದೇಶಗಳವರೂ ಭಾರತೀಯ ವಸ್ತುವೆಂದೇ ಕರೆಯುತ್ತಾರೆ.

ಕನ್ನಡ ನಾಡಿನಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಇಂಥ ಕೌತುಕಗಳಲ್ಲಿ ವಿಶೇಷವಾದ ಆಸಕ್ತಿಯುಳ್ಳವರಾಗಿದ್ದರು. ಕುದುರೆಯೊಂದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ತುರಗಗತಿಯ ಬಂಧಗಳನ್ನು ಅವರು ರಚಿಸಿದರು. ಎದುರಾಳಿಯೇ ಇಲ್ಲದ ಈ ಸಮಸ್ಯೆಯೂ ಚದುರಂಗದ ಹಾಸಿನಿಂದಲೇ ಹುಟ್ಟಿದ್ದು.

ಎರಡನೆಯ ಉದಾಹರಣೆ: ರಾಜನ ಅಳತೆಗೋಲು

ಈಗ ಕಾಯಿಗಳು ಇನ್ನೂ ಕಡಮೆಯಾದ, ಆದರೆ ವಿಚಾರವು ಇನ್ನೂ ಆಳವಾದ ಒಂದು ರಚನೆಗೆ ಬರೋಣ. ಚೆಕೊಸ್ಲೊವಾಕಿಯದ ಆಟಗಾರ ರಿಚರ್ಡ್ ರೇಟಿಯು (1889–1929) ಇದನ್ನು 1921ರಲ್ಲಿ ಪ್ರಕಟಿಸಿದನು.

ಬಿಳಿ: ರಾಜ ಎಚ್8, ಕಾಲಾಳು ಸಿ6.
ಕಪ್ಪು: ರಾಜ ಎ6, ಕಾಲಾಳು ಎಚ್5.
ಬಿಳಿ ನಡೆದು ಸಮ ಮಾಡಿಕೊಳ್ಳಬೇಕು.

ಮೊದಲ ನೋಟಕ್ಕೆ ಇದು ಹುಚ್ಚು ಮಾತು. ಕಪ್ಪು ಕಾಲಾಳು ನಾಲ್ಕು ನಡೆಗಳಲ್ಲಿ ಎಚ್1ನ್ನು ಮುಟ್ಟಿ ಮಂತ್ರಿಯಾಗುತ್ತದೆ. ಅದನ್ನು ಹಿಡಿಯಲು ಬಿಳಿಯ ರಾಜನು ಅಷ್ಟು ಹೊತ್ತಿಗೆ ಎರಡನೆಯ ಅಡ್ಡಸಾಲಿನಲ್ಲಿರಬೇಕು. ನಾಲ್ಕು ನಡೆಗಳಲ್ಲಿ ಅವನು ಮುಟ್ಟುವುದು ನಾಲ್ಕನೆಯ ಸಾಲನ್ನು ಮಾತ್ರ. ಅವನು ಎರಡು ನಡೆ ಹಿಂದೆ ಬಿದ್ದಿದ್ದಾನೆ. ಸಿ6ರ ತನ್ನ ಕಾಲಾಳನ್ನು ಮುಂದಕ್ಕೆ ತಳ್ಳಿದರೆ ಕಪ್ಪು ರಾಜನು ಬಿ7ಕ್ಕೆ ಬಂದು ಅದನ್ನು ಹಿಡಿಯುತ್ತಾನೆ. ಆ ಕಾಲಾಳಿಗೆ ನೆರವಾಗಲು ಬಿಳಿಯ ರಾಜನು ಬಹು ದೂರದಲ್ಲಿದ್ದಾನೆ. ಎರಡು ಕೆಲಸಗಳು; ಎರಡೂ ಬೇರೆಬೇರೆಯಾಗಿ ಅಸಾಧ್ಯ.

ಇಲ್ಲಿ ದೂರವೆಂದರೆ ಏನೆಂಬುದನ್ನು ತುಸು ಯೋಚಿಸಬೇಕು. ಕಾಗದದ ಮೇಲೆ ಎಚ್8ರಿಂದ ಎಚ್2ಕ್ಕೆ ನೇರವಾಗಿ ಎಳೆದ ಗೆರೆಯ ಉದ್ದ 6 ಮನೆಗಳಷ್ಟು. ಅದೇ ಎಚ್8ರಿಂದ ಓರೆಯಾಗಿ ಇ5ಕ್ಕೆ ಹೋಗಿ, ಅಲ್ಲಿಂದ ಮತ್ತೆ ಓರೆಯಾಗಿ ಎಚ್2ಕ್ಕೆ ಬಂದರೆ, ಅಳತೆಪಟ್ಟಿಯ ಲೆಕ್ಕದಲ್ಲಿ ಉದ್ದವು ಸುಮಾರು ಎಂಟೂವರೆ ಮನೆಗಳು. ಆದರೆ ರಾಜನು ನೇರವಾಗಿ ಹೋದರೂ ಓರೆಯಾಗಿ ಹೋದರೂ ಒಂದು ನಡೆಗೆ ಒಂದೇ ಮನೆ. ಅವನ ಲೆಕ್ಕದಲ್ಲಿ ಮೊದಲನೆಯ ದಾರಿ 6 ನಡೆ. ಎರಡನೆಯದು 3 ಕೂಡಿಸು 3, ಅದೂ 6 ನಡೆ! ಎರಡು ಮನೆಗಳ ನಡುವೆ ಎಷ್ಟು ನೀಟಸಾಲು, ಎಷ್ಟು ಅಡ್ಡಸಾಲು ದಾಟಬೇಕೋ ಅವೆರಡರಲ್ಲಿ ದೊಡ್ಡದೇ ರಾಜನ ದೂರ. ಈ ಜಗತ್ತಿನಲ್ಲಿ ಬಳಸುದಾರಿಯೂ ನೇರದಾರಿಯೂ ಎಷ್ಟೋ ವೇಳೆ ಸಮ. ಹಾಗಾದರೆ ಕಪ್ಪು ಕಾಲಾಳಿನ ಬೆನ್ನು ಹತ್ತಿದಂತೆಯೂ ತನ್ನ ಕಾಲಾಳಿನ ನೆರವಿಗೆ ಹೋದಂತೆಯೂ ಆಗುವ ದಾರಿಯನ್ನು ಹಿಡಿದರೆ ರಾಜನಿಗೆ ನಷ್ಟವೇನು? ಓರೆಸಾಲು ಆ ದಾರಿ.

ಬಿಳಿಯ ರಾಜ ಜಿ7, ಕಪ್ಪು ಕಾಲಾಳು ಎಚ್4. ಬಿಳಿಯ ರಾಜ ಎಫ್6. ಈಗ ಕಪ್ಪು ಕಾಲಾಳು ಎಚ್3ಕ್ಕೆ ಓಡಿದರೆ ಬಿಳಿಯ ರಾಜನು ಇ7ಕ್ಕೆ ಬಂದು ತನ್ನ ಕಾಲಾಳಿಗೆ ಬೆಂಬಲವಾಗುತ್ತಾನೆ. ಎರಡು ಪಕ್ಷಗಳಿಗೂ ಮಂತ್ರಿ ದೊರೆತು ಆಟ ಸಮವಾಗುತ್ತದೆ. ಅದನ್ನು ತಪ್ಪಿಸಲು ಕಪ್ಪು ರಾಜನು ಬಿ6ಕ್ಕೆ ಬರುತ್ತಾನೆಂದು ಇಟ್ಟುಕೊಳ್ಳೋಣ. ಆಗ ಬಿಳಿಯ ರಾಜ ಇ5. ಈ ಮನೆಯೇ ರಚನೆಯ ಹೃದಯ. ಕಪ್ಪು ರಾಜನು ಸಿ6ರ ಕಾಲಾಳನ್ನು ಹೊಡೆದರೆ ಬಿಳಿಯ ರಾಜನು ಎಫ್4, ಜಿ3 ಎಂದು ಇಳಿದು ಬಂದು ಎಚ್2ರಲ್ಲಿ ಕಪ್ಪು ಕಾಲಾಳನ್ನು ಹಿಡಿಯುತ್ತಾನೆ. ಹಾಗೆ ಹೊಡೆಯದೆ ಕಪ್ಪು ಕಾಲಾಳು ಎಚ್3ಕ್ಕೆ ನಡೆದರೆ ಬಿಳಿಯ ರಾಜನು ಡಿ6ಕ್ಕೆ ಬರುತ್ತಾನೆ. ಕಪ್ಪು ಕಾಲಾಳು ಎಚ್2, ಬಿಳಿಯ ಕಾಲಾಳು ಸಿ7, ಕಪ್ಪು ರಾಜ ಬಿ7, ಬಿಳಿಯ ರಾಜ ಡಿ7. ಮತ್ತೆ ಎರಡು ಮಂತ್ರಿಗಳು, ಮತ್ತೆ ಸಮ. ಕಪ್ಪು ಮೊದಲನೆಯ ನಡೆಯಲ್ಲಿಯೇ ರಾಜನನ್ನು ಬಿ6ಕ್ಕೆ ತಂದರೂ ಫಲಿತಾಂಶ ಬದಲಾಗದೆಂಬುದನ್ನು ವಾಚಕರೇ ಪರೀಕ್ಷಿಸಬಹುದು.

ಕಳೆದುಹೋಗಿದ್ದ ಎರಡು ನಡೆಗಳು ಎಲ್ಲಿಂದ ಬಂದವು? ಲೆಕ್ಕ ಸರಳ. ಬಿಳಿಯ ಕಾಲಾಳನ್ನು ಹೊಡೆಯಲು ಕಪ್ಪು ರಾಜನು ಬಿ6, ಸಿ6 ಎಂದು ಎರಡು ನಡೆಗಳನ್ನು ವ್ಯಯಮಾಡಬೇಕಾಯಿತು. ಅಷ್ಟು ಹೊತ್ತು ಅವನ ಕಾಲಾಳು ನಿಂತಲ್ಲೇ ನಿಂತಿತು. ಬಿಳಿಯು ಏನನ್ನೂ ಕದಿಯಲಿಲ್ಲ. ಎದುರಾಳಿಯು ಕೊಡಲೇಬೇಕಾದುದನ್ನು ಪಡೆದುಕೊಂಡಿತು. ಒಂದು ಸಂಗತಿ ಅಸಾಧ್ಯವೆಂದು ತೋರಿದಾಗ, ನಾವು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕೆಂಬ ಪಾಠ ಇದರಲ್ಲಿದೆ. ಇದು ಭೌತಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವಾದ ಪಾಠವಲ್ಲ.

ಮೂರನೆಯ ಉದಾಹರಣೆ: ಅಚ್ಚಾದ ಉತ್ತರ

ಮೂರನೆಯ ರಚನೆಯ ಹಿಂದೆ ಒಂದು ಕಥೆಯಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾರಪತ್ರಿಕೆಯೊಂದರಲ್ಲಿ ಬಾರ್ಬಿಯೆ ಎಂಬವನು ಚದುರಂಗದ ಅಂಕಣವನ್ನು ನಡೆಸುತ್ತಿದ್ದನು. 1895ರಲ್ಲಿ ಅವನು ಒಂದು ವಿನ್ಯಾಸವನ್ನು ಕೊಟ್ಟು, ಕಪ್ಪು ಅದರಲ್ಲಿ ಸಮ ಮಾಡಿಕೊಳ್ಳುವ ಬಗೆಯನ್ನೂ ಅಚ್ಚು ಮಾಡಿಸಿದನು. ಇಂದು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಅದರ ರೂಪ ಹೀಗಿದೆ.

ಬಿಳಿ: ರಾಜ ಬಿ6, ಕಾಲಾಳು ಸಿ6.
ಕಪ್ಪು: ರಾಜ ಎ1, ಆನೆ ಡಿ5.
ಬಿಳಿ ಮೊದಲು ನಡೆಯಬೇಕು.

ಬಿಳಿಯ ಕಾಲಾಳು ಸಿ7. ಮುಂದಿನ ನಡೆಗೆ ಮಂತ್ರಿಯಾಗುವ ಅದನ್ನು ತಡೆಯಲು ಕಪ್ಪು ಆನೆ ಡಿ6ರಿಂದ ಚೆಕ್ ಕೊಡುತ್ತದೆ. ಬಿಳಿಯ ರಾಜನು ಸಿ5ಕ್ಕೆ ಹೋಗಬಾರದು. ಹೋದರೆ ಆನೆಯು ಡಿ1ಕ್ಕೆ ಹಾರುತ್ತದೆ, ಕಾಲಾಳು ಮಂತ್ರಿಯಾದೊಡನೆ ಸಿ1ರಿಂದ ಚೆಕ್ ಕೊಟ್ಟು, ರಾಜನು ಸರಿದಾಗ ಹಿಂದಿರುವ ಮಂತ್ರಿಯನ್ನು ಹೊಡೆಯುತ್ತದೆ. ಆದುದರಿಂದ ರಾಜ ಬಿ5. ಆನೆ ಡಿ5ರಿಂದ ಚೆಕ್, ರಾಜ ಬಿ4. ಆನೆ ಡಿ4ರಿಂದ ಚೆಕ್, ರಾಜ ಬಿ3. ಆನೆ ಡಿ3ರಿಂದ ಚೆಕ್, ರಾಜ ಸಿ2. ಮೆಟ್ಟಿಲು ಇಳಿದಂತೆ ಇಳಿದು ಬಂದ ರಾಜನು ಈಗ ಡಿ1 ಮನೆಯನ್ನೂ ಕಾಯುತ್ತಿರುವುದರಿಂದ ಕಪ್ಪಿನ ಉಪಾಯ ಮುಗಿದಂತೆ ತೋರುತ್ತದೆ.

ಆದರೆ ಕಪ್ಪು ಆನೆಯನ್ನು ಡಿ4ಕ್ಕೆ ನಡೆಸುತ್ತದೆ! ಬಿಳಿಯ ಕಾಲಾಳು ಸಿ8ನ್ನು ಮುಟ್ಟಿ ಮಂತ್ರಿಯಾದರೆ ಆನೆಯು ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ಮಂತ್ರಿಯು ಅದನ್ನು ಹೊಡೆಯಬೇಕು. ಹೊಡೆದರೆ ಎ1ರ ಕಪ್ಪು ರಾಜನಿಗೆ ಎ2, ಬಿ1, ಬಿ2 ಯಾವ ಮನೆಯೂ ಉಳಿಯುವುದಿಲ್ಲ, ಚೆಕ್ ಕೂಡ ಇಲ್ಲ. ಸ್ಟೇಲ್‌ಮೇಟ್, ಆಟ ಸಮ. ಬಾರ್ಬಿಯೆಯು ಅಚ್ಚು ಮಾಡಿಸಿದ ಉತ್ತರ ಇದು. ಚತುರವಾದ ರಕ್ಷಣೆಯೆಂಬುದರಲ್ಲಿ ಸಂದೇಹವಿಲ್ಲ. ಓದಿದವರು ಮೆಚ್ಚಿ ಪುಟ ತಿರುಗಿಸಿದ್ದರೆ ಆಶ್ಚರ್ಯವಿರಲಿಲ್ಲ.

ಒಬ್ಬನು ತಿರುಗಿಸಲಿಲ್ಲ. ಗ್ಲಾಸ್ಗೋದಲ್ಲಿ ವಾಸವಾಗಿದ್ದ ಫೆರ್ನಾಂಡೋ ಸಾವೆದ್ರಾ (1849–1922) ಎಂಬ ಸ್ಪೇನ್ ದೇಶದ ಪಾದ್ರಿಯು, ಮಂತ್ರಿಯು ಎ2ನ್ನು ಕಾಯುವುದರಿಂದ ತಾನೆ ಸ್ಟೇಲ್‌ಮೇಟ್ ಆಗುವುದು ಎಂದು ಯೋಚಿಸಿದನು. ಹಾಗಾದರೆ ಎ2ನ್ನು ಕಾಯದ ಕಾಯಿಯೊಂದು ಬೇಕು. ಸಿ8ರಲ್ಲಿ ಕಾಲಾಳು ಮಂತ್ರಿಯಾಗುವ ಬದಲು ಆನೆಯಾಗಲಿ! ಈಗ ಕಪ್ಪು ಆನೆ ಸಿ4ಕ್ಕೆ ಬಂದರೆ ಬಿಳಿಯ ಆನೆ ಅದನ್ನು ಹೊಡೆಯುತ್ತದೆ. ಕಪ್ಪು ರಾಜನಿಗೆ ಎ2 ತೆರೆದಿದೆ, ಸ್ಟೇಲ್‌ಮೇಟ್ ಇಲ್ಲ, ಬಿಳಿ ಗೆಲ್ಲುತ್ತದೆ. ಮೇಲಾಗಿ ಬಿಳಿಯ ಆನೆಯು ಎ8ರಿಂದ ಚೆಕ್‌ಮೇಟ್ ಮಾಡುವ ಬೆದರಿಕೆಯೊಡ್ಡಿದೆ. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಹೋಗಲೇಬೇಕು. ಆಗ ಬಿಳಿಯ ರಾಜ ಬಿ3. ಒಂದೇ ಹೆಜ್ಜೆಯಲ್ಲಿ ಎ4ರ ಆನೆಯ ಮೇಲೆ ಕೈಯಿಟ್ಟಂತೆಯೂ ಆಯಿತು, ಸಿ1ರಿಂದ ಚೆಕ್‌ಮೇಟ್ ಮಾಡಲು ದಾರಿ ತೆರೆದಂತೆಯೂ ಆಯಿತು. ಎರಡನ್ನೂ ಕಪ್ಪು ತಡೆಯಲಾರದು.

ಸಾವೆದ್ರಾನು ಹೆಸರಾಂತ ಆಟಗಾರನಲ್ಲ. ಚದುರಂಗದ ಚರಿತ್ರೆಯಲ್ಲಿ ಅವನ ಹೆಸರು ಉಳಿದಿರುವುದು ಈ ಒಂದು ನಡೆಯಿಂದ. ಸಮವೆಂದು ಅಚ್ಚಾಗಿದ್ದ ವಿನ್ಯಾಸವು “ಬಿಳಿ ನಡೆದು ಗೆಲ್ಲಬೇಕು” ಎಂಬ ರಚನೆಯಾಗಿ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಾರ್ಬಿಯೆಯು ಕಪ್ಪಿನ ಪರವಾಗಿ ಅಮೋಘವಾದ ವಾದವನ್ನು ಮಂಡಿಸಿದ್ದನು. ಆ ವಾದಕ್ಕೂ ಪ್ರತಿವಾದವಿದೆಯೇ ಎಂದು ಕೇಳಿದವನು ಸಾವೆದ್ರಾ. ಅವರ ನಡುವಿನ ಅಂತರ ಒಂದೇ ಒಂದು ಪ್ರಶ್ನೆ.

ಗಣಕಯಂತ್ರ ಹೇಳುವುದು, ಹೇಳದಿರುವುದು

ಈ ಮೂರು ರಚನೆಗಳಲ್ಲಿ ಹೆಚ್ಚೆಂದರೆ ಏಳು ಕಾಯಿಗಳಿವೆ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಎಂಬ ಮಹಾಗಣಕದಲ್ಲಿ ಏಳು ಕಾಯಿಗಳ ವಿನ್ಯಾಸಗಳಿಗೆ ಫಲಿತಾಂಶದ ಕೋಷ್ಟಕಗಳನ್ನು ಸಿದ್ಧಪಡಿಸಲಾಯಿತು. ಅಷ್ಟು ಕಾಯಿಗಳ ವಿನ್ಯಾಸವನ್ನು ಕೊಟ್ಟರೆ ಗೆಲುವೋ ಸೋಲೋ ಸಮವೋ ಎಂಬುದು ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಹಳೆಯ ರಚನೆಗಳಲ್ಲಿ ಅಡಗಿದ್ದ ದೋಷಗಳೂ ಯಂತ್ರದ ಪರೀಕ್ಷೆಯಿಂದ ಬಯಲಾಗಿವೆ. ಹಾಗಾದರೆ ನಾವು ತಲೆ ಕೆಡಿಸಿಕೊಳ್ಳುವುದೇಕೆ ಎಂದು ವಿದ್ಯಾರ್ಥಿಯು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಕೋಷ್ಟಕವು ರೇಟಿಯ ವಿನ್ಯಾಸಕ್ಕೆ “ಸಮ, ನಡೆ ಜಿ7” ಎಂದು ಉತ್ತರಿಸುತ್ತದೆ. ರಾಜನ ಜಗತ್ತಿನಲ್ಲಿ ಬಳಸುದಾರಿ ನೇರದಾರಿಗೆ ಸಮವೆಂಬ ಮಾತು ಆ ಉತ್ತರದಲ್ಲಿಲ್ಲ. ಅದನ್ನು ಕಂಡುಕೊಂಡವನು ಕಾಯಿಗಳು ಬೇರೆಡೆಯಲ್ಲಿ ನಿಂತ ಮತ್ತೊಂದು ಆಟದಲ್ಲಿಯೂ ಅದನ್ನು ಬಳಸಬಲ್ಲ. ಜಿ7 ಎಂಬ ಉತ್ತರವನ್ನು ಮಾತ್ರ ಕಂಠಪಾಠ ಮಾಡಿದವನು ಕಾಲಾಳನ್ನು ಒಂದು ಮನೆ ಸರಿಸಿದರೂ ದಿಕ್ಕೆಡುತ್ತಾನೆ. ಪಠ್ಯಪುಸ್ತಕದ ಕೊನೆಯಲ್ಲಿರುವ ಉತ್ತರಗಳನ್ನು ನೋಡಿ ಲೆಕ್ಕ ಮಾಡುವ ವಿದ್ಯಾರ್ಥಿಯ ಪಾಡೂ ಇದೇ. ಉತ್ತರವು ಸುಲಭವಾಗಿ ದೊರೆಯುವ ಕಾಲದಲ್ಲಿ, ಅದು ಏಕೆ ಸರಿ ಎಂದು ತಿಳಿಯುವ ಶಕ್ತಿಯು ಕುಂದದಂತೆ ನೋಡಿಕೊಳ್ಳುವ ಹೊಣೆ ನಮ್ಮದೇ. ಅದಕ್ಕೆ ಈ ಸಮಸ್ಯೆಗಳು ಒಳ್ಳೆಯ ಗರಡಿ. 1977ರಿಂದ ನಡೆದುಬಂದಿರುವ ಸಮಸ್ಯಾಪರಿಹಾರದ ವಿಶ್ವಸ್ಪರ್ಧೆಗಳಲ್ಲಿ ಇಂದಿಗೂ ಸ್ಪರ್ಧಿಗಳು ಯಂತ್ರದ ನೆರವಿಲ್ಲದೆಯೇ ಬಿಡಿಸುತ್ತಾರೆ.

ಅಭ್ಯಾಸದ ಕ್ರಮ

ಹೊಸದಾಗಿ ಆರಂಭಿಸುವವರು ಎರಡು ನಡೆಗಳ ಸಮಸ್ಯೆಗಳನ್ನೇ ಆರಿಸಿಕೊಳ್ಳಬೇಕು. ಮೊದಲು ಕಪ್ಪು ರಾಜನಿಗೆ ಹೋಗಲು ಯಾವ ಮನೆಗಳಿವೆ, ಅವುಗಳನ್ನು ಯಾರು ಕಾಯುತ್ತಿದ್ದಾರೆ ಎಂದು ಗುರುತಿಸಬೇಕು. ಅನಂತರ ಸರದಿಯು ಕಪ್ಪಿನದಾಗಿದ್ದರೆ ಏನಾಗುತ್ತಿತ್ತೆಂದು ನೋಡಬೇಕು. ಅದರ ಯಾವ ನಡೆಗೆ ನಮ್ಮಲ್ಲಿ ಉತ್ತರವಿಲ್ಲವೋ ಅಲ್ಲಿಯೇ ಕೀಲಿನಡೆಯ ಸುಳಿವಿರುತ್ತದೆ. ಯಾವ ಕೆಲಸವೂ ಇಲ್ಲದಂತೆ ಕಾಣುವ ಬಿಳಿಯ ಕಾಯಿಯನ್ನು ವಿಶೇಷವಾಗಿ ಗಮನಿಸಬೇಕು. ರಚನಕಾರನು ಅದನ್ನು ಸುಮ್ಮನೆ ಇಟ್ಟಿರಲಾರನು. ಉತ್ತರ ಹೊಳೆದ ಮೇಲೆ ಕಪ್ಪಿನ ಪ್ರತಿಯೊಂದು ನಡೆಯನ್ನೂ ಕಾಗದದಲ್ಲಿ ಬರೆದು, ಎದುರಿಗೆ ಬಿಳಿಯ ಮೇಟನ್ನು ಬರೆಯಬೇಕು. ಒಂದು ಸಾಲು ಬರಿದಾಗಿದ್ದರೂ ಸಮಸ್ಯೆ ಬಿಡಿಸಿದಂತಾಗಲಿಲ್ಲ.

ಈ ಕ್ರಮವನ್ನು ಸಾವೆದ್ರಾನ ರಚನೆಯಲ್ಲಿಯೇ ಪರೀಕ್ಷಿಸಲು ಒಂದು ಅಭ್ಯಾಸವನ್ನು ಕೊಟ್ಟಿದ್ದೇವೆ. ಡಿ6ರಿಂದ ಮೊದಲ ಚೆಕ್ ಬಿದ್ದಾಗ ಬಿಳಿಯ ರಾಜನಿಗೆ ಬಿ5, ಸಿ5 ಅಲ್ಲದೆ ಎ5, ಎ7, ಬಿ7 ಎಂಬ ಮೂರು ಮನೆಗಳೂ ತೆರೆದಿವೆ. ಸಿ5 ಏಕೆ ತಪ್ಪೆಂಬುದನ್ನು ಮೇಲೆ ವಿವರಿಸಿದೆ. ಉಳಿದ ಮೂರರಲ್ಲಿಯೂ ಗೆಲುವು ಕೈತಪ್ಪುತ್ತದೆ. ಪ್ರತಿಯೊಂದಕ್ಕೂ ಕಪ್ಪು ಆನೆಯ ಒಂದು ನಡೆ ಸಾಕು. ಆ ನಡೆಗಳು ಯಾವುವು? ಉತ್ತರವನ್ನು ಇಲ್ಲಿ ಅಚ್ಚು ಮಾಡಿಲ್ಲ. ವಾಚಕರು ಹಾಸಿನ ಮುಂದೆ ಕುಳಿತು, ಕಪ್ಪಿನ ವಕಾಲತ್ತನ್ನು ವಹಿಸಿ, ತಾವೇ ಕಂಡುಕೊಳ್ಳಲಿ.